ನಾಲ್ಕು ತಂತಿ, ಒಂದು ಕಾಮಾ

ನಮ್ಮ ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನನ್ನದು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ, ಸದ್ದು ತಗ್ಗಿನದು. ಜನ ಮೊದಲು ಗಾಯಕಿಯನ್ನು ನೋಡುತ್ತಾರೆ, ಆಮೇಲೆ ರಿದಂ ಪ್ಯಾಡ್‌ನವನನ್ನು, ಆಮೇಲೆ ಕೀಬೋರ್ಡ್‌ನವನನ್ನು. ತಪ್ಪಿ ನನ್ನ ಕಡೆ ಕಣ್ಣು ಹಾಯಿಸಿದವರು ಕೇಳುವುದು ಒಂದೇ ಮಾತು. "ಅಣ್ಣಾ, ನಿಮ್ ಗಿಟಾರ್‌ದು ಎರಡು ತಂತಿ ಕಿತ್ತೋಗಿದ್ಯಾ?"

ನಮ್ಮಮ್ಮನದು ಬೇರೆ ತಕರಾರು. ಯಾರೋ ಮೊಬೈಲಿನಲ್ಲಿ ಹಿಡಿದ ನಮ್ಮ ಕಾರ್ಯಕ್ರಮದ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, "ಎಲ್ಲಾರ್ದೂ ಕೇಳ್ತು ಕಣೋ, ನಿಂದು ಎಲ್ಲಿ?" ಅಂದಳು. ಬೇಸ್‌ನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸದ್ದು ಮೊಬೈಲಿನ ಕಡ್ಲೆಕಾಯಿ ಗಾತ್ರದ ಸ್ಪೀಕರ್‌ನಿಂದ ಹೊರಗೆ ಬರುವುದೇ ಇಲ್ಲ. ಅದೇ ತಂತಿಯ ಇನ್ನೂ ಮೇಲಿನ ಕಂಪನಗಳು ಮಾತ್ರ ಅಷ್ಟಿಷ್ಟು ಬರುತ್ತವೆ. ಕೆಳಗಿನದನ್ನು ನಮ್ಮ ತಲೆಯೇ ತುಂಬಿಸಿಕೊಳ್ಳುತ್ತದೆ. ಇದನ್ನೆಲ್ಲಾ ಅಮ್ಮನಿಗೆ ವಿವರಿಸಿದೆ. "ಹಾಗಾದ್ರೆ ಇಲ್ದೇ ಇರೋದನ್ನ ಬಾರಿಸ್ತೀಯಾ ಅನ್ನು" ಅಂದಳು.

ಹಗಲು ಹೊತ್ತು ನಾನು ಮೈಸೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವ ತನಕ ರಾತ್ರಿ ಹೊತ್ತು ಮದ್ದೂರು, ನಂಜನಗೂಡು, ಹುಣಸೂರು, ಚಾಮರಾಜನಗರ ಅಂತ ಟೆಂಪೋದಲ್ಲಿ ತಿರುಗುತ್ತೇನೆ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಹೀಗೇ ಆಯಿತು. ಅದರಲ್ಲಿ ಮೊದಲ ಹದಿಮೂರು ವರ್ಷ ನನಗೆ ನೊಟೇಶನ್, ಅಂದರೆ ಸಂಗೀತ ಬರೆಯುವ ಲಿಪಿ, ಒಂದಕ್ಷರ ಬರುತ್ತಿರಲಿಲ್ಲ. ಬರಬೇಕು ಅಂತಲೂ ಅನ್ನಿಸಿರಲಿಲ್ಲ. ನಮ್ಮಲ್ಲಿ ಹಾಡು ಕಲಿಯುವುದು ಟೆಂಪೋದಲ್ಲಿ. ಒಂದು ಕಿವಿಗೆ ಇಯರ್‌ಫೋನ್, ಮಡಿಲಲ್ಲಿ ಗಿಟಾರ್. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಪಲ್ಲವಿ, ಮಂಡ್ಯ ಬರುವಷ್ಟರಲ್ಲಿ ಚರಣ.

2014ರಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋದಿಂದ ಫೋನ್ ಬಂತು. ಬೇಸ್ ನುಡಿಸಬೇಕಿದ್ದವರಿಗೆ ಜ್ವರ, ನೀವು ಬರ್ತೀರಾ ಅಂದರು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದೆ. ಇಸ್ತ್ರಿ ಮಾಡಿದ ಷರ್ಟು, ಹೊಸ ತಂತಿ. ಒಳಗೆ ಹೋದರೆ ಎಸಿ ಚಳಿ, ಮುಂದೆ ಒಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಎರಡು ಹಾಳೆ. ಐದೈದು ಗೆರೆ, ಗೆರೆ ತುಂಬ ಇರುವೆ ಸಾಲು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅಂತ ತಾಳ ಮಾತ್ರ ಬರುತ್ತಿದೆ.

ಧೈರ್ಯ ಮಾಡಿ ಹೇಳಿದೆ. "ಸರ್, ಒಂದ್ಸಲ ಕೇಳಿಸಿಬಿಡಿ, ಹಿಡ್ಕೊಂಡುಬಿಡ್ತೀನಿ."

ಯಾವ ವಾದ್ಯ ಏನು ನುಡಿಸಬೇಕು ಅಂತ ಬರೆಯುವ ಅರೇಂಜರ್ ಒಳ್ಳೆಯ ಮನುಷ್ಯ, ಬೈಯಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು. "ಕೇಳ್ಸೋಕೆ ಇನ್ನೂ ಏನೂ ಇಲ್ವಲ್ಲ ಸರ್. ನೀವು ನುಡಿಸಿದ ಮೇಲೇ ಅಲ್ವಾ ಕೇಳ್ಸೋದು?"

ಆ ಮಾತು ಈಗಲೂ ಕಿವಿಯಲ್ಲಿದೆ. ಹದಿಮೂರು ವರ್ಷ ನಾನು ಯಾರೋ ಒಬ್ಬರು ಆಗಲೇ ನುಡಿಸಿಟ್ಟಿದ್ದನ್ನು ಮಾತ್ರ ನುಡಿಸಿದ್ದೆ. ಯಾರೂ ಇನ್ನೂ ನುಡಿಸದೇ ಇರುವುದನ್ನು ಹಿಡಿಯುವ ದಾರಿ ಆ ಹಾಳೆ ಒಂದೇ, ಅದು ನನಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಕೀಬೋರ್ಡ್ ಹುಡುಗ ಬಂದು ಹತ್ತು ನಿಮಿಷದಲ್ಲಿ ಕೀಬೋರ್ಡಿನಲ್ಲೇ ಬೇಸ್ ನುಡಿಸಿ ಮುಗಿಸಿದ. ನನಗೆ ಊಟ ಹಾಕಿಸಿ, ಬಂದುಹೋಗುವ ಖರ್ಚು ಕೊಟ್ಟು ಕಳಿಸಿದರು. ಊಟ ಗಂಟಲಲ್ಲಿ ಇಳಿಯಲಿಲ್ಲ.

ಸಿನಿಮಾ ಸಂಗೀತದಲ್ಲಿ ಇದೇನೂ ಹೊಸ ಪದ್ಧತಿಯಲ್ಲ. ಇಳಯರಾಜ ಅವರು ಐದು ಗೆರೆಯ ಈ ಸ್ಟಾಫ್ ನೊಟೇಶನ್‌ನಲ್ಲಿ ಎಲ್ಲಾ ವಾದ್ಯದ ಭಾಗವನ್ನೂ ತಾವೇ ಬರೆದು ಕೈಗೆ ಕೊಡುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಆ ವಿದ್ಯೆಯನ್ನು ಅವರು ಕಲಿತದ್ದು ಮದ್ರಾಸಿನಲ್ಲಿ ಧನರಾಜ್ ಮಾಸ್ಟರ್ ಹತ್ತಿರ. ಅದೇ ಕಾಲದಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ದುಡಿಯುತ್ತಿದ್ದರು. ನಾನು ಟೆಂಪೋದಲ್ಲಿ ಕೂತು ಕಿವಿಯಿಂದ ಹಿಡಿಯುತ್ತಿದ್ದ ಎಷ್ಟೋ ಬೇಸ್ ಲೈನುಗಳು ಮೊದಲು ಹುಟ್ಟಿದ್ದು ಕಾಗದದ ಮೇಲೆ. ಅದು ನನಗೆ ತಲೆಗೇ ಹೋಗಿರಲಿಲ್ಲ.

ಸರಿ, ಇಷ್ಟೆಲ್ಲಾ ಆದಮೇಲೆ ನಾನೇನು ಮಾಡಿದೆ? ಓದಲು ಕಲಿತೆ ಅಂದುಕೊಂಡಿರಾ? ಇಲ್ಲ. ಹೊಸ ಗಿಟಾರ್ ತಗೊಂಡೆ.

ನನ್ನಂಥವರ ರೋಗವೇ ಅದು. ನುಡಿಸುವುದು ಸರಿ ಬರದಿದ್ದರೆ ಅಂಗಡಿಗೆ ಹೋಗುವುದು. ನನ್ನ ಮೊದಲ ಬೇಸ್ 2001ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ನಾಲ್ಕೂವರೆ ಸಾವಿರಕ್ಕೆ. ಅದರ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಹನ್ನೆರಡನೇ ಫ್ರೆಟ್ ಹತ್ತಿರ ತಂತಿಗೂ ಮರಕ್ಕೂ ನಡುವೆ ಬೆರಳು ತೂರಿಸಬಹುದಿತ್ತು. ಕುತ್ತಿಗೆಯ ಒಳಗೆ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸರಳು ಇರುತ್ತದೆ, ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಬಾಗಿದ್ದು ನೆಟ್ಟಗಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಐದು ವರ್ಷ ಆದಮೇಲೆ. ಆ ಐದು ವರ್ಷ ಎಡಗೈ ಬೆರಳಿನ ತುದಿ ಒಣಗಿದ ಹುಣಸೆ ಬೀಜದ ಹಾಗಿತ್ತು.

ಅಷ್ಟರಲ್ಲಿ ನನ್ನ ಸದ್ದಿನ ಬಗ್ಗೆ ಒಂದು ದೂರು ಶುರುವಾಗಿತ್ತು. ಬೇರೆ ಬೇರೆ ಊರು, ಬೇರೆ ಬೇರೆ ಸೌಂಡ್‌ನವರು, ಮಾತು ಮಾತ್ರ ಒಂದೇ. "ಅಣ್ಣಾ, ನಿಮ್ದು ಕೆಳಗೆ ಎಲ್ಲಾ ಮುದ್ದೆ ಆಗ್ತಿದೆ." ಅಂದರೆ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಇಲ್ಲ. ಡ್ರಮ್ಮಿನ ಕಿಕ್ಕೂ ಬೇಸೂ ಒಂದರ ಮೇಲೊಂದು ಬಿದ್ದು ಗುಂಯ್ ಅನ್ನುತ್ತದೆ.

ಮುದ್ದೆಗೆ ಔಷಧ ಹುಡುಕುತ್ತಾ ನಾನು ಖರ್ಚು ಮಾಡಿದ ದುಡ್ಡನ್ನು ನಮ್ಮ ಮನೆಯವಳಿಗೆ ಪೂರ್ತಿ ಹೇಳಿಲ್ಲ. ಅವಳು ಇದನ್ನು ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಮೊದಲು ತಂತಿ ಬದಲಾಯಿಸಿದೆ. ದುಂಡನೆಯ ಎಳೆ ಸುತ್ತಿದ ಹೊಸ ರೌಂಡ್‌ವೂಂಡ್ ತಂತಿ ಹಾಕಿದರೆ ಪಿಯಾನೋ ಥರ ಝಣ್ ಅನ್ನುತ್ತದೆ. ನಾಲ್ಕು ಕಾರ್ಯಕ್ರಮದ ಬೆವರು ಕುಡಿದ ಮೇಲೆ ಮತ್ತೆ ಮಂಕು. ಹಳೇ ತಂತಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ಕುದಿಸಿ, ಒರೆಸಿ ಒಣಗಿಸಿದರೆ ಒಂದೆರಡು ರಾತ್ರಿಗೆ ಹೊಳಪು ವಾಪಸ್ ಬರುತ್ತದೆ. ಇದು ಬೇಸ್‌ನವರಿಗೆಲ್ಲಾ ಗೊತ್ತಿರುವ ಬಡವರ ಉಪಾಯ. ನಾನು ಕುದಿಸಿದ್ದು ಸಾರಿನ ಪಾತ್ರೆಯಲ್ಲಿ. ಅದರ ಪರಿಣಾಮ ಇಲ್ಲಿ ಬೇಡ.

ಆಮೇಲೆ ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಪೆಡಲ್. ಆಮೇಲೆ ತಂತಿಯ ಕಂಪನ ಹಿಡಿಯುವ ಪಿಕಪ್, ಅದೂ ಬೇರೆಯದು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಜಾಕು, ವೈರು ತಂದು ನಾನೇ ಬೆಸುಗೆ ಹಾಕಿದೆ. ಮುದ್ದೆ ಮುದ್ದೆಯಾಗೇ ಉಳಿಯಿತು. ಸ್ಟುಡಿಯೋದಿಂದ ಬರಿಗೈಲಿ ಬಂದ ಎರಡು ತಿಂಗಳಿಗೆ, ಕಂತಿನ ಮೇಲೆ ಐದು ತಂತಿಯ ಒಂದು ಆಕ್ಟಿವ್ ಬೇಸ್ ಮನೆಗೆ ಬಂತು.

ಐದನೇ ತಂತಿಗೆ ಒಂದು ನ್ಯಾಯವಾದ ಕಾರಣ ಇತ್ತು, ಅದನ್ನು ಹೇಳಲೇಬೇಕು. ಗಣೇಶನ ಸೀಸನ್‌ನಲ್ಲಿ ಮೂರನೇ ರಾತ್ರಿಗೆ ಗಾಯಕರ ಗಂಟಲು ಬಿದ್ದಿರುತ್ತದೆ. ವೇದಿಕೆಯ ಮೇಲೇ ತಿರುಗಿ, "ಅರ್ಧ ಇಳ್ಸಿ" ಅನ್ನುತ್ತಾರೆ. ಶ್ರುತಿಯನ್ನು ಅರ್ಧ ಸ್ವರ ಕೆಳಗಿಳಿಸಿ ಅಂತ ಅರ್ಥ. ಕೀಬೋರ್ಡ್‌ನವನು ಟ್ರಾನ್ಸ್‌ಪೋಸ್ ಅನ್ನುವ ಬಟನ್ ಒತ್ತಿ ಹಲ್ಲು ಕಿರಿಯುತ್ತಾನೆ. ಇಳಿಸಬೇಕಾದವನು ನಾನು, ತಲೆಯೊಳಗೆ, ಆ ಕ್ಷಣದಲ್ಲೇ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎ, ಬಿ, ಸಿ ಅಂತ ಹೆಸರು. ಹಾಡು ಇ ಸ್ಕೇಲಿನಲ್ಲಿದ್ದರೆ ಕಷ್ಟ ಇನ್ನೂ ದೊಡ್ಡದು. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರವೇ ಇ. ಅದಕ್ಕಿಂತ ಅರ್ಧ ಇಳಿಯಲು ಜಾಗವೇ ಇಲ್ಲ. ಐದನೇ ತಂತಿ ಬಿ ಸ್ವರದ್ದು, ಕೆಳಗೆ ಇನ್ನೂ ಐದು ಮೆಟ್ಟಿಲು ಸಿಗುತ್ತದೆ. ಹಾಗಾಗಿ ತಗೊಂಡಿದ್ದು ಪೂರ್ತಿ ಹುಚ್ಚಲ್ಲ.

ಆದರೆ ಆಕ್ಟಿವ್ ಬೇಸ್ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿದ ಕೂಡಲೇ ಬ್ಯಾಟರಿ ಖರ್ಚಾಗಲು ಶುರು. ನುಡಿಸಲಿ, ಬಿಡಲಿ. ನಾನು ಸೌಂಡ್ ಚೆಕ್ ಆದಮೇಲೆ ಕೇಬಲ್ ತೆಗೆಯದೇ ಹೋಗಿ ಚಿತ್ರಾನ್ನ ತಿನ್ನುತ್ತಿದ್ದೆ. ಸೀಸನ್ ಪೂರ್ತಿ ಹೀಗೇ ಮಾಡಿದೆ. ಕೆ.ಆರ್. ನಗರದ ಹತ್ತಿರ ಒಂದು ಹಳ್ಳಿಯಲ್ಲಿ, ಜನರೆಲ್ಲಾ ಎದ್ದು ಕುಣಿಯುತ್ತಿದ್ದ ಹಾಡಿನ ನಡುವೆ ನನ್ನ ಸದ್ದು ಮೊದಲು ಕೊರಗತೊಡಗಿತು, ಆಮೇಲೆ ಗೊರಗೊರ, ಆಮೇಲೆ ಏನೂ ಇಲ್ಲ. ರಾತ್ರಿ ಹನ್ನೊಂದು ಗಂಟೆ. ಹಳ್ಳಿಯಲ್ಲಿ 9 ವೋಲ್ಟ್ ಬ್ಯಾಟರಿ ಎಲ್ಲಿಂದ ಬರಬೇಕು? ಉಳಿದ ಆರು ಹಾಡು ನಾನು ಸುಮ್ನೆ ತಲೆ ಆಡಿಸುತ್ತಾ ಬೆರಳು ಆಡಿಸಿದೆ. ಜನ ಕುಣಿಯುವುದನ್ನು ನಿಲ್ಲಿಸಲಿಲ್ಲ. ಅದೇ ಜಾಸ್ತಿ ನೋವು ಕೊಟ್ಟಿದ್ದು. ಅಮ್ಮ ಹೇಳಿದ್ದು ನಿಜವಾಗಿತ್ತು.

ಮೇಷ್ಟ್ರು ಸಿಕ್ಕಿದ್ದು ನಮ್ಮ ಅಂಗಡಿಯಲ್ಲೇ. ಹಳೇ ಚೇತಕ್ ಸ್ಕೂಟರಿಗೆ ಕ್ಲಚ್ ಕೇಬಲ್ ಬೇಕು ಅಂತ ಬಂದರು. ದುಡ್ಡು ತೆಗೆಯಲು ಕೈಚೀಲದಲ್ಲಿದ್ದ ಕಾಗದದ ಸುರುಳಿಯನ್ನು ಗಲ್ಲಾ ಮೇಲಿಟ್ಟರು. ಸುರುಳಿ ಬಿಚ್ಚಿಕೊಂಡಿತು. ಐದು ಗೆರೆ, ಗೆರೆಯ ತುದಿಗೆ ಮನುಷ್ಯರ ಕಿವಿಯ ಹಾಗೊಂದು ಗುರುತು, ಪಕ್ಕದಲ್ಲಿ ಎರಡು ಚುಕ್ಕಿ. ಸ್ಟುಡಿಯೋದಲ್ಲಿ ನನ್ನನ್ನು ಸೋಲಿಸಿದ ಅದೇ ಕಿವಿ.

"ಸರ್, ಇದು ಬೇಸ್‌ದಲ್ವಾ?" ಅಂದೆ.

"ಬೇಸ್ ಕ್ಲೆಫ್. ನಿಂಗೆಂಗಪ್ಪಾ ಗೊತ್ತು?"

ತಗ್ಗಿನ ಸ್ವರಗಳ ಹಾಳೆಗೆ ಹಾಕುವ ಗುರುತು ಅದು. ಅವರು ಪೊಲೀಸ್ ಬ್ಯಾಂಡಿನಲ್ಲಿ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಊದುತ್ತಿದ್ದವರು. ನಿವೃತ್ತಿ ಆದಮೇಲೆ ಒಂದು ಶಾಲೆಯ ಬ್ಯಾಂಡ್ ಹುಡುಗರಿಗೆ ಹೇಳಿಕೊಡುತ್ತಿದ್ದರು. ಮೈಸೂರಿನವರಿಗೆ ಈ ಬ್ಯಾಂಡ್ ಹೊಸದಲ್ಲ. ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ಚಿಕ್ಕಂದಿನಿಂದ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೇನೆ. ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡೂ ಮೊದಲು ಅರಮನೆಯವು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ನುಡಿಸುತ್ತಿದ್ದರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಅವರೇ. ಮೆಟ್ನರ್ ಅನ್ನುವ ರಷ್ಯದ ಸಂಯೋಜಕರ ಕೃತಿಗಳು ರೆಕಾರ್ಡ್ ಆಗಲು ದುಡ್ಡು ಕೊಟ್ಟವರೂ ಅವರೇ. ಇಷ್ಟೆಲ್ಲಾ ಇರುವ ಊರಲ್ಲಿ ಹುಟ್ಟಿ, ಐದು ಗೆರೆ ಓದುವವರನ್ನು ಹುಡುಕಲು ನನಗೆ ಒಂದು ಕ್ಲಚ್ ಕೇಬಲ್ ಬೇಕಾಯಿತು ನೋಡಿ.

ಭಾನುವಾರ ಭಾನುವಾರ ನಜರ್‌ಬಾದ್ ಕಡೆ ಅವರ ಮನೆಗೆ ಹೋಗಲು ಶುರು ಮಾಡಿದೆ. ಫೀಸು ಅಂತ ಕೇಳಲಿಲ್ಲ. ಚೇತಕ್‌ಗೆ ಬಿಡಿಭಾಗ ಬೇಕಾದಾಗ ರಿಯಾಯಿತಿ, ಅಷ್ಟೇ ಒಪ್ಪಂದ.

ಮೊದಲ ದಿನ ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಆ ಕಿವಿಯ ಪಕ್ಕದ ಎರಡು ಚುಕ್ಕಿ ಕೆಳಗಿನಿಂದ ನಾಲ್ಕನೇ ಗೆರೆಯನ್ನು ಮೇಲೆ ಕೆಳಗೆ ಹಿಡಿದುಕೊಂಡಿರುತ್ತವೆ. ಆ ಗೆರೆ ಎಫ್. ಅದೊಂದು ಗೊತ್ತಾದರೆ ಮೇಲೆ ಹತ್ತಬಹುದು, ಕೆಳಗೆ ಇಳಿಯಬಹುದು. ಇನ್ನೂ ಸುಲಭದ ದಾರಿಯನ್ನು ನಾನೇ ಹುಡುಕಿಕೊಂಡೆ. ಬೇಸ್‌ನ ನಾಲ್ಕು ತೆರೆದ ತಂತಿಗಳು ಗೆರೆಯ ಮೇಲೆ ಎಲ್ಲಿ ಕೂರುತ್ತವೆ ಅಂತ ಗುರುತಿಟ್ಟುಕೊಂಡೆ. ಡಿ ತಂತಿ ಸರಿಯಾಗಿ ನಡುವಿನ ಗೆರೆಯ ಮೇಲೆ. ಎ ತಂತಿ ಎಲ್ಲಕ್ಕಿಂತ ಕೆಳಗಿನ ಸಂದಿನಲ್ಲಿ, ಜಿ ತಂತಿ ಎಲ್ಲಕ್ಕಿಂತ ಮೇಲಿನ ಸಂದಿನಲ್ಲಿ. ಇ ತಂತಿ ಮಾತ್ರ ಐದು ಗೆರೆಯ ಹೊರಗೆ, ಕೆಳಗೆ ಒಂದು ತುಂಡು ಗೆರೆಯ ಮೇಲೆ. ಆ ತುಂಡು ಗೆರೆಗೆ ಲೆಡ್ಜರ್ ಲೈನ್ ಅನ್ನುತ್ತಾರೆ ಅಂತ ಮೇಷ್ಟ್ರು ಹೇಳಿದಾಗ ನಗು ಬಂತು. ಹಗಲೆಲ್ಲಾ ಲೆಡ್ಜರ್ ಬರೆದು ಭಾನುವಾರವೂ ಅದೇ ಹಣೆಬರಹ.

ಗಿಟಾರ್ ಹಾಡನ್ನು ಅಂಕಿಯಲ್ಲಿ ಬರೆಯುವ ಟ್ಯಾಬ್ ಇದೆಯಲ್ಲ, ಅದ್ಯಾಕೆ ಬೇಡ ಅಂತ ಹುಡುಗರು ಕೇಳುತ್ತಾರೆ. ಟ್ಯಾಬ್ ಕೆಟ್ಟದ್ದೇನಲ್ಲ. ಯಾವ ತಂತಿ, ಎಷ್ಟನೇ ಫ್ರೆಟ್ ಅಂತ ನೇರವಾಗಿ ಹೇಳುತ್ತದೆ. ಬೇಸ್‌ನಲ್ಲಿ ಇದಕ್ಕೆ ಬೆಲೆ ಇದೆ. ತೆರೆದ ಜಿ ತಂತಿಯ ಅದೇ ಸ್ವರ ಡಿ ತಂತಿಯ 5ನೇ ಫ್ರೆಟ್‌ನಲ್ಲೂ ಸಿಗುತ್ತದೆ, ಎ ತಂತಿಯ 10ರಲ್ಲೂ, ಇ ತಂತಿಯ 15ರಲ್ಲೂ. ನೊಟೇಶನ್ ನೋಡಿದರೆ ಎಲ್ಲಿ ನುಡಿಸಬೇಕು ಅನ್ನುವುದು ನಮ್ಮ ತಲೆನೋವು. ಆದರೆ ಅಂತರ್ಜಾಲದಲ್ಲಿ ಸಿಗುವ ಬಹುಪಾಲು ಟ್ಯಾಬ್‌ನಲ್ಲಿ ಎಷ್ಟು ಹೊತ್ತು ಅನ್ನುವುದು ಇರುವುದಿಲ್ಲ. ಹಾಡು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ಉಪಯೋಗ. ಮತ್ತೆ ಅದೇ ಸ್ಟುಡಿಯೋ ಕಥೆ.

ಸ್ವರದ ಹೆಸರು ಒಂದು ತಿಂಗಳಿಗೆ ಬಂತು. ಲಯಕ್ಕೆ ಒಂದು ವರ್ಷ ಹಿಡಿಯಿತು. ಮೇಷ್ಟ್ರು ಎಡಗಾಲಲ್ಲಿ ನೆಲ ಕುಟ್ಟುತ್ತಾ "ಒನ್ ಆಂಡ್ ಟೂ ಆಂಡ್" ಅನ್ನುವರು. ನಾನು ಮನಸ್ಸಿನಲ್ಲಿ ತಕಧಿಮಿ ಹಾಕಿಕೊಳ್ಳುತ್ತಿದ್ದೆ. ಒಂದು ಏಟಿಗೆ ನಾಲ್ಕು ಇದ್ದರೆ ತಕಧಿಮಿ, ಮೂರು ಇದ್ದರೆ ತಕಿಟ. ಅವರಿಗೆ ಗೊತ್ತಾಗಿ ಬೈಯುತ್ತಾರೆ ಅಂದುಕೊಂಡಿದ್ದೆ. "ಯಾವ್ದಾದ್ರೂ ಹಾಕ್ಕೋ, ಕಾಲು ಮಾತ್ರ ತಪ್ಬಾರ್ದು" ಅಂದರು.

ಆ ಕಾಮಾ ಬಂದದ್ದು ಎರಡನೇ ವರ್ಷ. ಅಭ್ಯಾಸಕ್ಕೆ ಅಂತ ಅವರ ಹಳೇ ಟ್ಯೂಬಾ ಹಾಳೆ ಒಂದನ್ನು ಕೊಟ್ಟರು. ಮಾರ್ಚಿಂಗ್ ಟ್ಯೂನು, ಸುಲಭದ್ದು. ಅಲ್ಲಲ್ಲಿ ಗೆರೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಂದೊಂದು ಕಾಮಾ ಹಾಕಿದ್ದರು. ನಾನು ನುಡಿಸಿದೆ. ಕಾಮಾ ಬಂದಲ್ಲೆಲ್ಲಾ ಸ್ವರವನ್ನು ಇನ್ನಷ್ಟು ಎಳೆದು ಹಿಡಿದೆ.

ಯಾಕೆ ಅಂದರೆ ನಮ್ಮಕ್ಕ ಚಿಕ್ಕವಳಿದ್ದಾಗ ಸಂಗೀತದ ಕ್ಲಾಸಿಗೆ ಹೋಗುತ್ತಿದ್ದಳು. ಅವಳ ಸರಳೆ ವರಸೆಯ ಪುಸ್ತಕ ನಾನೂ ತಿರುವಿ ಹಾಕಿದ್ದೆ. ಅದರಲ್ಲಿ ಸ್ವರದ ಪಕ್ಕ ಕಾಮಾ ಇದ್ದರೆ ಆ ಸ್ವರವನ್ನು ಒಂದು ಅಕ್ಷರ ಕಾಲ ಜಾಸ್ತಿ ಹಿಡಿ ಅಂತ ಅರ್ಥ. ಕಾಮಾದ ಮೇಲೆ ಚುಕ್ಕಿ ಇದ್ದರೆ ಎರಡು. ನಾನು ಜೀವನದಲ್ಲಿ ಕಲಿತಿದ್ದ ಒಂದೇ ಒಂದು ಸಂಗೀತದ ಚಿಹ್ನೆ ಅದು.

ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ಅಲ್ಲಪ್ಪಾ, ಅಲ್ಲಿ ಏನ್ ಬರ್ದಿದೆ?"

"ಕಾಮಾ ಸರ್."

"ಕಾಮಾ ಅಂದ್ರೆ?"

"ಎಳೀಬೇಕು."

ಅವರು ನನ್ನನ್ನೇ ನೋಡಿದರು. "ಅಯ್ಯೋ ಪುಣ್ಯಾತ್ಮ. ಅಲ್ಲಿ ಬಿಡ್ಬೇಕು ಕಣೋ. ಅದು ಉಸಿರು ತಗೊಳ್ಳೋ ಜಾಗ. ನಾನು ಅಲ್ಲಿ ಎಳೆದಿದ್ರೆ ಪರೇಡ್ ಮೈದಾನದಲ್ಲೇ ಸತ್ತೋಗ್ತಿದ್ದೆ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ಅದ್ಸರಿ, ನೀನು ಮೂರು ಗಂಟೆ ಪ್ರೋಗ್ರಾಂ ಮಾಡ್ತೀಯಲ್ಲ, ಉಸಿರು ಎಲ್ಲಿ ತಗೋತೀಯ?"

ನಾನು ಎಲ್ಲೂ ತೆಗೆದುಕೊಳ್ಳುತ್ತಿರಲಿಲ್ಲ. ತಂತಿಗೆ ಶ್ವಾಸಕೋಶ ಇಲ್ಲ. ಒಂದು ಸಲ ಮೀಟಿದರೆ ಬೆರಳು ಎತ್ತುವ ತನಕ ಮೊಳಗುತ್ತಲೇ ಇರುತ್ತದೆ. ನಾನು ಮುಂದಿನ ಸ್ವರ ಬರುವ ತನಕ ಹಿಂದಿನದನ್ನು ಬಿಡುತ್ತಲೇ ಇರಲಿಲ್ಲ. ಕಿವಿಯಿಂದ ಕಲಿಯುವಾಗ ನಾನು ಕೇಳಿಸಿಕೊಂಡಿದ್ದು ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಮಾತ್ರ. ಎಲ್ಲಿ ನಿಲ್ಲುತ್ತದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಹಾಳೆಯ ಮೇಲೆ ಅದು ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ. ಸ್ವರಕ್ಕೆ ಒಂದು ಗುರುತು ಇದ್ದರೆ, ಮೌನಕ್ಕೂ ಒಂದು ಗುರುತು. ಕಾಲು ಏಟಿನ ಮೌನ, ಅರ್ಧ ಏಟಿನ ಮೌನ, ಎರಡು ಏಟಿನದು. ಒಂದೊಂದಕ್ಕೂ ಬೇರೆ ಬೇರೆ ಆಕಾರ. ಯಾರೋ ಕೂತು ಯೋಚನೆ ಮಾಡಿ ಬರೆದದ್ದು.

ಮುಂದಿನ ಶನಿವಾರ ಪಾಂಡವಪುರದಲ್ಲಿ ಕಾರ್ಯಕ್ರಮ. ಕಿಕ್ ಬಿದ್ದ ಕೂಡಲೇ ಸ್ವರ, ಸ್ನೇರ್ ಬೀಳುವ ಮುಂಚೆ ಎಡಗೈ ಬೆರಳು ಸಡಿಲ. ಪೂರ್ತಿ ಎತ್ತುವುದಲ್ಲ, ಸುಮ್ನೆ ಒತ್ತಡ ಬಿಡುವುದು. ತಂತಿ ಅಲ್ಲೇ ಸತ್ತು ಬೀಳುತ್ತದೆ. ಮೊದಲ ಹಾಡಿನಲ್ಲಿ ಎಷ್ಟೋ ಕಡೆ ತಪ್ಪಿದೆ. ಮೂರನೇ ಹಾಡಿನ ಹೊತ್ತಿಗೆ ಸೌಂಡ್‌ನ ಹುಡುಗ ದೂರದಿಂದ ಹೆಬ್ಬೆಟ್ಟು ತೋರಿಸಿದ. ಆಮೇಲೆ ಬಂದು, "ಅಣ್ಣಾ, ಗಿಟಾರ್ ಚೇಂಜ್ ಮಾಡಿದ್ರಾ?" ಅಂದ. ಬ್ಯಾಟರಿ ಪ್ರಸಂಗ ಆದಮೇಲೆ ನಾನು ಐದು ತಂತಿಯದ್ದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ಅವತ್ತು ಕೈಯಲ್ಲಿದ್ದದ್ದು ಕುತ್ತಿಗೆ ಬಾಗಿದ ಅದೇ ಹಳೇ ನಾಲ್ಕೂವರೆ ಸಾವಿರದ್ದು.

ಮುದ್ದೆ ತಂತಿಯಲ್ಲಿ ಇರಲಿಲ್ಲ, ಪಿಕಪ್‌ನಲ್ಲಿ ಇರಲಿಲ್ಲ. ನನ್ನ ಎಡಗೈಯಲ್ಲಿತ್ತು.

ಹಾಗಂತ ಓದು ಬಂದರೆ ಎಲ್ಲಾ ಬಂತು ಅನ್ನುವ ಪಂಥದವನಲ್ಲ ನಾನು. ಬೀಟಲ್ಸ್ ತಂಡದಲ್ಲಿ ಬೇಸ್ ನುಡಿಸಿದ ಪಾಲ್ ಮೆಕಾರ್ಟ್ನಿಗೆ ನೊಟೇಶನ್ ಓದಲು ಬರುವುದಿಲ್ಲ, ಅವರೇ ಹೇಳಿಕೊಂಡಿದ್ದಾರೆ. ಅವರ ಬೇಸ್‌ನಲ್ಲಿ ಯಾವ ಕೊರತೆಯೂ ಇಲ್ಲ. ಆ ಕಡೆ ಕ್ಯಾರಲ್ ಕೇ ಇದ್ದಾರೆ. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ದಿನ ಬೇಸ್‌ನವರು ಬರಲಿಲ್ಲ, ಇವರು ಕೈಗೆತ್ತಿಕೊಂಡರು. ಆಮೇಲೆ ಸಾವಿರಾರು ರೆಕಾರ್ಡಿಂಗ್. ಬೇಸ್‌ನವರು ಬರಲಿಲ್ಲ ಅನ್ನುವ ಅದೇ ಕರೆ ನನಗೂ ಬಂದಿತ್ತು. ಅವರಿಗೆ ಹಾಳೆ ಓದಲು ಬರುತ್ತಿತ್ತು.

ಇನ್ನು, "ಅರ್ಧ ಇಳ್ಸಿ" ಅನ್ನುವ ಗಾಯಕರ ಮುಂದೆ ಐದು ಗೆರೆ ಕೈಕೊಡುತ್ತದೆ. ಹಾಳೆಯ ಮೇಲೆ ಇ ಅಂತ ಬರೆದದ್ದು ಇ ಆಗೇ ಇರುತ್ತದೆ. ಅಲ್ಲಿ ನಮ್ಮಕ್ಕನ ಪುಸ್ತಕವೇ ದೊಡ್ಡದು. ಸ ಅಂದರೆ ಯಾವ ಶ್ರುತಿಗೆ ಬೇಕಾದರೂ ಸ. ಶ್ರುತಿ ಬದಲಾಯಿಸಿ, ಬರೆದದ್ದನ್ನು ಒಂದಕ್ಷರ ತಿದ್ದಬೇಕಾಗಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋದವರು ಇದೇ ತೊಂದರೆಗೆ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, 1, 4, 5 ಅಂತ ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಸರಿಗಮದ ಹಾಗೇ ಅದು, ಬೇರೆ ವೇಷ. ನಾನೀಗ ರಸಮಂಜರಿಗೆ ಚೀಟಿ ಬರೆಯುವುದು ಹೀಗೆ: ಕಾರ್ಡು ಅಂಕಿಯಲ್ಲಿ, ಲಯ ಮಾತ್ರ ನೊಟೇಶನ್‌ನಲ್ಲಿ. ಕಷ್ಟದ ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಸುತ್ತು, ಇದ್ದರೆ ಅಷ್ಟನ್ನು ಐದು ಗೆರೆಯಲ್ಲಿ. ಮೇಷ್ಟ್ರಿಗೆ ಈ ಬೆರಕೆ ಇಷ್ಟವಿಲ್ಲ. "ಕಲಬೆರಕೆ ಎಣ್ಣೆ" ಅನ್ನುತ್ತಾರೆ.

ಯಾವ ಬೇಸ್ ತಗೊಳ್ಳಲಿ ಅಂತ ಹೊಸ ಹುಡುಗರು ಕೇಳುವುದರಿಂದ ಅದನ್ನೂ ಬರೆದುಬಿಡುತ್ತೇನೆ. ಈಗ ನನ್ನ ಹತ್ತಿರ ಇರುವುದು ಯಮಾಹಾ ಟಿಆರ್‌ಬಿಎಕ್ಸ್ 174. ನಾಲ್ಕು ತಂತಿ, ಎರಡು ಪಿಕಪ್, ಬ್ಯಾಟರಿಯ ಹಂಗಿಲ್ಲ. ತಂತಿಯ ಉದ್ದ 34 ಇಂಚು. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾಡಿದಾಗ ಇಟ್ಟ ಅಳತೆಯೇ ಇವತ್ತಿಗೂ ಹೆಚ್ಚಿನವರ ಅಳತೆ. ಕೈ ಚಿಕ್ಕದಿದ್ದವರಿಗೆ ಮೊದಲ ಮೂರು ಫ್ರೆಟ್ ಹತ್ತಿರ ಬೆರಳು ಎಟುಕುವುದು ಕಷ್ಟ. ಅಲ್ಲಿ ಉಂಗುರದ ಬೆರಳನ್ನು ಬಿಟ್ಟು ತೋರು, ನಡು, ಕಿರುಬೆರಳು ಮೂರರಲ್ಲೇ ನುಡಿಸಿ. ದೊಡ್ಡ ಡಬಲ್ ಬೇಸ್ ನುಡಿಸುವವರ ಹಳೇ ಕ್ರಮ ಅದು, ಮಣಿಕಟ್ಟು ನೋಯುವುದಿಲ್ಲ.

ತಂತಿ ಫ್ಲಾಟ್‌ವೂಂಡ್ ಹಾಕಿದ್ದೇನೆ, ಚಪ್ಪಟೆ ಎಳೆ ಸುತ್ತಿದ್ದು. ದುಬಾರಿ, ಆದರೆ ನುಣುಪು, ಬೆವರಿಗೆ ಬೇಗ ಮಂಕಾಗುವುದಿಲ್ಲ. ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೂಂಡ್ ತಂತಿಯನ್ನು ತುಂಡಾಗುವ ತನಕ ಬದಲಾಯಿಸುತ್ತಿರಲಿಲ್ಲವಂತೆ. ಬಲಗೈಯ ಒಂದೇ ಬೆರಳಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಎಷ್ಟೋ ಹಾಡುಗಳನ್ನು ನುಡಿಸಿದವರು. ಸಾರಿನ ಪಾತ್ರೆಯ ವಿಷಯ ಅವರ ಮನೆಯಲ್ಲಿ ಎದ್ದಿರಲಾರದು. ಅದು ಬಿಟ್ಟರೆ ಚೀಲದಲ್ಲಿ ಒಂದು ಡಿಐ ಬಾಕ್ಸ್, ಗಿಟಾರಿನ ಸದ್ದನ್ನು ಸೌಂಡ್‌ನವರ ಮಿಕ್ಸರಿಗೆ ಕಳಿಸುವ ಡಬ್ಬಿ. ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದನ್ನೇ ತಗೊಳ್ಳಿ, ಜನರೇಟರ್ ಇರುವ ಕಡೆ ಗುಂಯ್‌ಗುಡುವುದು ಬಹಳ ಸಲ ಅದರಿಂದಲೇ ನಿಲ್ಲುತ್ತದೆ. ಒಂದು ಅಲೆನ್ ಕೀ. ಎರಡು ಪೆನ್ಸಿಲ್. ಮಂಗಳೂರಿಗೆ ಹೋದರೆ ಅಲೆನ್ ಕೀ ಮರೆಯಬೇಡಿ, ಅಲ್ಲಿಯ ಗಾಳಿಗೆ ಮರ ರಾತ್ರೋರಾತ್ರಿ ಮನಸ್ಸು ಬದಲಾಯಿಸುತ್ತದೆ. ಐದು ತಂತಿಯದ್ದನ್ನು ಮಾರಿದೆ, ನಷ್ಟಕ್ಕೆ. ಇ ಸ್ಕೇಲಿನ ಹಾಡನ್ನು ಅರ್ಧ ಇಳಿಸಿ ಅಂದರೆ ಒಂದು ಸ್ಥಾಯಿ ಮೇಲೆ ಹೋಗಿ ನುಡಿಸುತ್ತೇನೆ. ಇವತ್ತಿನ ತನಕ ಯಾರೂ ಕೇಳಿಲ್ಲ.

ಸ್ಟುಡಿಯೋದವರು ಮತ್ತೆ ಕರೆದರಾ ಅಂತ ಕೇಳಬೇಡಿ. ಕರೆಯಲಿಲ್ಲ.

ಮೇಷ್ಟ್ರಿಗೆ ಈಗ ಎಪ್ಪತ್ತನಾಲ್ಕು. ಮುಂದಿನ ಹಲ್ಲು ಬಿದ್ದುಹೋಗಿವೆ. ಹಿತ್ತಾಳೆ ವಾದ್ಯದವರಿಗೆ ಅದೇ ಕೊನೆ. ತುಟಿಗೆ ಒಳಗಿನಿಂದ ಆಸರೆ ಇಲ್ಲದಿದ್ದರೆ ಊದಲು ಆಗುವುದಿಲ್ಲ. ಕಟ್ಟಿಸಿದ ಹಲ್ಲಿನಲ್ಲಿ ಒಂದೆರಡು ಸಲ ನೋಡಿ ಬಿಟ್ಟರು. ಈಗ ನಾನು ಹೋದಾಗ ಪಾಠ ಏನೂ ಇರುವುದಿಲ್ಲ. ಟ್ರಂಕಿನಿಂದ ಅವರ ಹಳೇ ಹಾಳೆ ತೆಗೆದು ಸ್ಟ್ಯಾಂಡಿನ ಮೇಲಿಡುತ್ತಾರೆ. ಟ್ಯೂಬಾದ ಸ್ವರಗಳು ಗೆರೆಯ ಕೆಳಗೆ ಮೂರು ನಾಲ್ಕು ಲೆಡ್ಜರ್ ಲೈನ್ ಇಳಿದು ಹೋಗುತ್ತವೆ. ಟ್ಯೂಬಾದಲ್ಲಿ ಬರೆದದ್ದೇ ಕೇಳುತ್ತದೆ, ಬೇಸ್ ಗಿಟಾರ್ ಮಾತ್ರ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ. ಹಾಗಾಗಿ ಎಲ್ಲವನ್ನೂ ಒಂದು ಸ್ಥಾಯಿ ಮೇಲೆ ಓದಿಕೊಂಡರೆ ಅವರದೇ ಸದ್ದು ಅವರದೇ ಜಾಗದಲ್ಲಿ ಬರುತ್ತದೆ. ಮನೆಯಲ್ಲಿ ನುಡಿಸಲು ಒಂದು ಚಿಕ್ಕ ಆಂಪ್ ತಂದಿಟ್ಟಿದ್ದೇನೆ.

ಹೋದ ಭಾನುವಾರ ಕೊಟ್ಟದ್ದು ನಿಧಾನದ ಒಂದು ಟ್ಯೂನು. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಡಗಾಲು ನೆಲ ಕುಟ್ಟುತ್ತಿತ್ತು. ಬಲಗೈಯ ಮೂರು ಬೆರಳು ತೊಡೆಯ ಮೇಲೆ ವಾಲ್ವ್ ಒತ್ತುತ್ತಿದ್ದವು. ಎರಡನೇ ಸಾಲಿನ ಕೊನೆಗೆ ಪೆನ್ಸಿಲ್ಲಿನ ಕಾಮಾ ಬಂತು. ನಾನು ಬೆರಳು ಸಡಿಲಿಸಿದೆ. ಸದ್ದು ನಿಂತ ಆ ಸಂದಿನಲ್ಲಿ, ಪಕ್ಕದ ಕುರ್ಚಿಯಿಂದ ಅವರು ಬಾಯಿ ತೆರೆದು ಗಬಕ್ಕನೆ ಉಸಿರು ಎಳೆದುಕೊಂಡದ್ದು ಕೇಳಿಸಿತು.